ಹೋಗುವ ಸಾಲು ಮೇಜಿನ ಮುಂದೆ, ಬರುವ ಸಾಲು ರೈಲಿನಲ್ಲಿ: ಇಂಗ್ಲೆಂಡಿನ ಹಳ್ಳಿ ತಿರುಗಾಟಕ್ಕೆ ಹೊಂದುವ ಕಸೂತಿ

ಪ್ರಶ್ನೆ: ಜೂನ್‌ನಲ್ಲಿ ಮೂರು ವಾರ ಲೀಡ್ಸ್‌ನಲ್ಲಿರುವ ಮಗಳ ಮನೆಗೆ ಹೊರಟಿದ್ದೇನೆ. ಅಲ್ಲಿಂದ ಯಾರ್ಕ್‌ಶೈರ್ ಡೇಲ್ಸ್, ಲೇಕ್ ಡಿಸ್ಟ್ರಿಕ್ಟ್ ಕಡೆಯ ಹಳ್ಳಿಗಳನ್ನು ನೋಡುವ ಯೋಚನೆ. ಕೈಯಲ್ಲಿ ಎರಡು ಕೆಲಸ ಅರ್ಧಕ್ಕೆ ನಿಂತಿವೆ. ಒಂದು ಕಪ್ಪು ಇಳಕಲ್ ಸೀರೆಯ ಮೇಲಿನ ಕಸೂತಿ, ಇನ್ನೊಂದು 14 ಕೌಂಟ್ ಐಡಾ ಬಟ್ಟೆಯ (ಇಂಚಿಗೆ 14 ಚೌಕದ ಮನೆ ಕಾಣುವಂತೆ ನೇಯ್ದದ್ದು) ಮೇಲೆ 140×196 ಮನೆಗಳ ಕ್ರಾಸ್ ಸ್ಟಿಚ್ ಚಿತ್ರ. ಯಾವುದನ್ನು ಒಯ್ಯಲಿ? ವಿಮಾನದಲ್ಲಿ ಸೂಜಿ, ಕತ್ತರಿ ಬಿಡುತ್ತಾರೆಯೇ? ಹಿಂದಿನ ಸಲ ಪ್ರವಾಸಕ್ಕೆ ಕಸೂತಿಯ ಗೆರೆ ಹೊಲಿಗೆಯಾದ ಗವಂತಿಯ ಕೆಲಸ ಒಯ್ದಿದ್ದೆ, ಲೆಕ್ಕ ತಪ್ಪಿ ಬಿಚ್ಚಿದ್ದೇ ಹೆಚ್ಚು. (ಧಾರವಾಡದ ಓದುಗರು)

ಉತ್ತರ: ಎರಡನ್ನೂ ಮನೆಯಲ್ಲೇ ಬಿಟ್ಟು ಹೋಗಿ. ಪ್ರವಾಸಕ್ಕೆಂದೇ ಮೂರನೆಯದೊಂದು ಸಣ್ಣ ಕೆಲಸ ಹೂಡಿ.

ಕ್ರಾಸ್ ಸ್ಟಿಚ್ ಚಿತ್ರದ ಲೆಕ್ಕ ಮೊದಲು ನೋಡೋಣ. 140×196 ಅಂದರೆ 27,440 ಹೊಲಿಗೆ. ಕೈ ಪಳಗಿದವರು ಗಂಟೆಗೆ 120ರಷ್ಟು ಹಾಕುತ್ತಾರೆ ಅಂತ ಹಿಡಿದರೆ ಪೂರ್ತಿ ಚಿತ್ರಕ್ಕೆ ಸುಮಾರು 228 ಗಂಟೆ ಬೇಕು. ತಿರುಗಾಟದ ದಿನಗಳಲ್ಲಿ ಕೈಗೆ ಸಿಗುವುದು ದಿನಕ್ಕೆ ಮುಕ್ಕಾಲು ಗಂಟೆ, ಮೂರು ವಾರಕ್ಕೆ ಹದಿನಾರು ಗಂಟೆ ಆದರೆ ಹೆಚ್ಚು. ಅಷ್ಟರಲ್ಲಿ 1,900 ಹೊಲಿಗೆ, ಚಿತ್ರದ ಶೇ. 7. ಇಷ್ಟಕ್ಕಾಗಿ ದೊಡ್ಡ ಬಟ್ಟೆ, ಮೂವತ್ತು ಬಣ್ಣದ ದಾರ, ನಾಲ್ಕು ಹಾಳೆಯ ಚಾರ್ಟು ಹೊತ್ತು ತಿರುಗಬೇಕು. ವಾಪಸ್ ಬಂದಾಗ ಚಿತ್ರ ಹೋದ ಹಾಗೇ ಕಾಣುತ್ತದೆ, ಬೇಸರವಾಗುವುದೂ ಅದಕ್ಕೇ.

ಸೀರೆಯ ತೊಂದರೆ ಬೇರೆ. ಕಪ್ಪು ನೆಲದ ಮೇಲೆ ಎಳೆ ಎಣಿಸಲು ನೇರ ಬೆಳಕು ಬೇಕು. ಹಳ್ಳಿಯ ವಸತಿಗೃಹಗಳ ಕೋಣೆಗಳಲ್ಲಿ ರಾತ್ರಿ ಇರುವುದು ಸಾಮಾನ್ಯವಾಗಿ ಹಳದಿ ದೀಪ. ಆ ಬೆಳಕಿನಲ್ಲಿ ಕಡುನೀಲಿ ಕಪ್ಪಾಗಿ ಕಾಣುತ್ತದೆ, ಕಪ್ಪಿನ ಮೇಲೆ ಕಪ್ಪು ಎಳೆ ಕಾಣುವುದೇ ಇಲ್ಲ. ಮಳೆ, ಹುಲ್ಲು, ಕುರಿಗಳ ಹಿಕ್ಕೆ ಇರುವ ಕಡೆ ಆರು ಗಜದ ಸೀರೆಯನ್ನು ಮಡಿಲಲ್ಲಿ ಹರಡಿಕೊಂಡು ಕೂರುವುದೂ ಜಾಣತನವಲ್ಲ.

ಇನ್ನು ಗವಂತಿಯ ಲೆಕ್ಕ ಏಕೆ ತಪ್ಪಿತು ಎನ್ನುವುದು. ಇದೇ ನಿಮ್ಮ ಪ್ರಶ್ನೆಯ ಮುಖ್ಯ ಭಾಗ.

ಗವಂತಿಯಲ್ಲಿ ಒಂದೇ ಗೆರೆಯ ಮೇಲೆ ಸೂಜಿ ಎರಡು ಸಲ ಓಡುತ್ತದೆ. ಹೋಗುವಾಗ ಒಂದು ಮನೆ ಮುಂಬದಿಗೆ, ಒಂದು ಮನೆ ಹಿಂಬದಿಗೆ. ಬರುವಾಗ ಬಿಟ್ಟ ಮನೆಗಳು ತುಂಬುತ್ತವೆ, ಎರಡೂ ಬದಿ ಒಂದೇ ಥರ ಆಗುತ್ತದೆ. ಎಣಿಕೆ ಬೇಕಿರುವುದು ಹೋಗುವ ಸಾಲಿಗೆ ಮಾತ್ರ. ಬರುವ ಸಾಲಿಗೆ ಖಾಲಿ ಮನೆಗಳೇ ದಾರಿ ತೋರಿಸುತ್ತವೆ, ಚಾರ್ಟು ನೋಡುವ ಹಂಗೇ ಇಲ್ಲ. ಪ್ರವಾಸದಲ್ಲಿ ಹಾಳಾಗುವುದು ಹೋಗುವ ಸಾಲಿನ ನಡುವೆ ಎದ್ದುಬಿಟ್ಟಾಗ. ಮಾರನೇ ದಿನ ಬಟ್ಟೆ ತೆಗೆದರೆ ಅರ್ಧ ಗೆರೆ ಚುಕ್ಕೆ ಚುಕ್ಕೆಯಾಗಿ ಕಾಣುತ್ತದೆ. ಇದು ಹೋಗುತ್ತಿದ್ದದ್ದೋ ಬರುತ್ತಿದ್ದದ್ದೋ, ಮುಖ್ಯ ಗೆರೆಯಿಂದ ಒಡೆಯುವ ಯಾವ ಕವಲು ಮುಗಿದಿದೆ, ಯಾವುದು ಬಾಕಿ, ಒಂದೂ ನೆನಪಿರುವುದಿಲ್ಲ. ಊಹೆಯ ಮೇಲೆ ಮುಂದುವರಿದರೆ ಒಂದು ಮನೆ ಆಚೀಚೆ ಆಗುತ್ತದೆ. ಅಲ್ಲಿಂದ ಮುಂದಿನದೆಲ್ಲ ಬಿಚ್ಚುವ ಕೆಲಸ.

ಹಾಗಾಗಿ ಕೆಲಸವನ್ನು ಎರಡು ಪಾಲು ಮಾಡಿಕೊಳ್ಳಿ. ಹೋಗುವ ಸಾಲು ಬೆಳಿಗ್ಗೆ ಕಿಟಕಿಯ ಪಕ್ಕದ ಮೇಜಿನಲ್ಲಿ, ಬರುವ ಸಾಲು ರೈಲಿನಲ್ಲಿ. ಏಳುವುದಾದರೆ ಹೋಗುವ ಸಾಲು ಮುಗಿದು ಹಿಂದಕ್ಕೆ ಹೊರಳುವ ತಿರುವಿನಲ್ಲಿ ಮಾತ್ರ ಏಳಬೇಕು. ಬೆಳಿಗ್ಗೆ ಮೂರು ಸೂಜಿಗಳಲ್ಲಿ ಮೂರು ಸಾಲು ತಿರುವಿನವರೆಗೆ ತಂದಿಟ್ಟುಕೊಂಡರೆ ಅಂದಿನ ರೈಲಿಗೆ ಸಾಕಾಗುವಷ್ಟು ಕೆಲಸ ಸಿದ್ಧ.

ಈ ಕ್ರಮಕ್ಕೆ ಒಗ್ಗುವ ವಿನ್ಯಾಸ ನಿಮ್ಮ ದಾರಿಯಲ್ಲೇ ಇದೆ. ಲೀಡ್ಸ್‌ನಿಂದ ಕಾರ್ಲೈಲ್‌ಗೆ ಹೋಗುವ ರೈಲು ಸೆಟಲ್ ಊರು ದಾಟಿದ ಮೇಲೆ ಡೇಲ್ಸ್‌ನ ಬೆಟ್ಟಗಳ ನಡುವೆ ಏರುತ್ತದೆ. 1876ರಲ್ಲಿ ಪ್ರಯಾಣಿಕರಿಗೆ ತೆರೆದ ಮಾರ್ಗ ಅದು. ಅಲ್ಲಿ ರಿಬಲ್‌ಹೆಡ್ ಎಂಬಲ್ಲಿ ಸುಮಾರು 400 ಮೀಟರ್ ಉದ್ದದ ಕಲ್ಲಿನ ಮೇಲ್ಸೇತುವೆ ಇದೆ, 24 ಕಮಾನು. ಅದನ್ನು ಕಟ್ಟಿದವರು ಪ್ರತಿ ಆರನೇ ಕಂಬವನ್ನು ಉಳಿದವಕ್ಕಿಂತ ದಪ್ಪ ಮಾಡಿದ್ದಾರೆ. ಒಂದು ಕಂಬ ಕುಸಿದರೂ ಸೇತುವೆಯೆಲ್ಲ ಸಾಲಾಗಿ ಬೀಳಬಾರದು, ಹಾನಿ ಆರು ಕಮಾನಿಗೆ ನಿಲ್ಲಬೇಕು ಎಂಬ ಲೆಕ್ಕ. ಈ ಸೇತುವೆಯನ್ನೇ ಒಂದು ಪಟ್ಟಿಯಾಗಿ ಹೊಲಿಯಿರಿ, ಎಣಿಕೆಯ ಹೊಲಿಗೆಗೂ ಇದೇ ಲೆಕ್ಕ ಬೇಕು. ಹೇಗೆಂದು ಮುಂದೆ ನೋಡೋಣ.

ಬಟ್ಟೆ: 14 ಕೌಂಟ್ ಐಡಾ, ತಿಳಿ ಕೆನೆ ಬಣ್ಣ ಅಥವಾ ಬೂದು. ಕಸೂತಿಗೆ ಐಡಾ ಅಂದರೆ ಮೂಗು ಮುರಿಯುವವರಿದ್ದಾರೆ. ಮನೆಯಲ್ಲಿ ಕೂತು ಮಾಡುವವರಿಗೆ 28 ಕೌಂಟಿನ ಲಿನನ್ ಮೇಲೆ ಎರಡೆರಡು ಎಳೆ ಹಿಡಿದು ಹಾಕುವುದೇ ಚೆಂದ, ಒಪ್ಪೋಣ. ಓಡಾಡುವಾಗ ಮಾತ್ರ ತೂತು ಕಣ್ಣಿಗೆ ಕಾಣುವ ಬಟ್ಟೆಯೇ ಗೆಲ್ಲುತ್ತದೆ. ವಿನ್ಯಾಸದ ಅಳತೆ 168 ಮನೆ ಉದ್ದ, 28 ಮನೆ ಎತ್ತರ. ಅಂದರೆ 12 ಇಂಚು, 2 ಇಂಚು. ನಾಲ್ಕೂ ಕಡೆ 3 ಇಂಚು ಬಿಟ್ಟು 18×8 ಇಂಚಿನ ತುಂಡು ಕತ್ತರಿಸಿ. ಅಂಚು ಎಳೆ ಬಿಡದಂತೆ ಮಿಶನ್‌ನಲ್ಲಿ ಒಂದು ಸುತ್ತು ಓರೆ ಹೊಲಿಗೆ ಹಾಕಿಸಿ. ಟೇಪು ಅಂಟಿಸಬೇಡಿ, ಅದರ ಅಂಟು ಬಟ್ಟೆಯಲ್ಲಿ ಉಳಿಯುತ್ತದೆ.

168 ಹೇಗೆ ಬಂತು ಅಂದರೆ: ಕಮಾನಿನ ತೆರಪು 5 ಮನೆ, ಕಂಬ 2 ಮನೆ. 24 ತೆರಪಿಗೆ 120, ನಡುವಿನ 23 ಕಂಬಕ್ಕೆ 46, ಎರಡು ತುದಿಗೆ ಅರ್ಧರ್ಧ ಕಂಬ ಅಂತ 1+1. ಕೂಡಿದರೆ 168. ಇದನ್ನು 42 ಮನೆಯ ನಾಲ್ಕು ಪಾಲು ಮಾಡಿದರೆ ಪ್ರತಿ ಪಾಲಿಗೆ ಆರು ಕಮಾನು, ಪಾಲಿನ ಗಡಿ ಸರಿಯಾಗಿ ಆರನೇ, ಹನ್ನೆರಡನೇ, ಹದಿನೆಂಟನೇ ಕಂಬದ ನಟ್ಟನಡುವೆ ಬೀಳುತ್ತದೆ. ಆ ಮೂರು ಕಂಬಗಳನ್ನು ನಿಜವಾಗಿ ದಪ್ಪ ಮಾಡಹೋದರೆ ಉದ್ದ 171 ಆಗಿ ಲೆಕ್ಕ ಕೆಡುತ್ತದೆ. ಅದರ ಬದಲು ಅವುಗಳ ಒಳಗೆ ಮೆಂತಿ (ಕಸೂತಿಯ ಕ್ರಾಸ್ ಸ್ಟಿಚ್) ತುಂಬಿ: 2 ಮನೆ ಅಗಲ, 6 ಮನೆ ಎತ್ತರ, ಕಂಬಕ್ಕೆ 12 ಮೆಂತಿ. ಹೀಗೆ ಗುರುತಿನ ಕಂಬ ನಿಂತರೆ ಎಣಿಕೆ ಎಲ್ಲೇ ತಪ್ಪಿದರೂ ಬಿಚ್ಚುವುದು ಆರು ಕಮಾನಿನ ಒಳಗೇ ಮುಗಿಯುತ್ತದೆ. ಮೆಂತಿಯ ಹಿಂಬದಿ ಗವಂತಿಯ ಹಾಗೆ ಒಂದೇ ಥರ ಬರುವುದಿಲ್ಲ ಎನ್ನುವುದು ನಿಮಗೆ ಗೊತ್ತೇ ಇದೆ. ಮೂರು ಕಂಬದ ಮಟ್ಟಿಗೆ ಅದನ್ನು ಒಪ್ಪಿಕೊಳ್ಳಿ.

ಕಚ್ಚಾ ಹೊಲಿಗೆಯನ್ನು, ಅಂದರೆ ಕೊನೆಗೆ ತೆಗೆದುಹಾಕುವ ಗುರುತಿನ ಸಾಲುಗಳನ್ನು, ಊರಿನಲ್ಲೇ ಮುಗಿಸಿ. ಇದನ್ನು ಬಿಟ್ಟು ಹೋದರೆ ಉಳಿದ ಯಾವ ಜಾಗ್ರತೆಯೂ ಕೆಲಸಕ್ಕೆ ಬರುವುದಿಲ್ಲ. ತಿಳಿ ಬಣ್ಣದ ಪಾಲಿಯೆಸ್ಟರ್ ದಾರ ತೊಗೊಳ್ಳಿ. ಕೆಂಪು, ಕಡುನೀಲಿ ಬೇಡ, ಎಳೆಯುವಾಗ ಬಣ್ಣದ ಜುಂಜು ಬಟ್ಟೆಯಲ್ಲಿ ಉಳಿಯುತ್ತದೆ. 42ನೇ, 84ನೇ, 126ನೇ ಮನೆಯ ಗೆರೆಗೆ ಮೇಲಿಂದ ಕೆಳಗೆ ಒಂದೊಂದು ಸಾಲು. ಆಮೇಲೆ ಸೇತುವೆಯ ಬುಡದ ಗೆರೆಯಿಂದ ಒಂದು ಮನೆ ಕೆಳಗೆ ಅಡ್ಡ ಸಾಲು: ಮೊದಲ 1 ಮನೆ ಹಿಂಬದಿಗೆ, ಆಮೇಲೆ 5 ಮನೆ ಮುಂಬದಿಗೆ, 2 ಮನೆ ಹಿಂಬದಿಗೆ, ಮತ್ತೆ 5, ಮತ್ತೆ 2. ಹೀಗೇ ಹೋದರೆ ಕೊನೆಗೆ 1 ಮನೆ ಹಿಂಬದಿಗೆ ಉಳಿಯಬೇಕು. ಉಳಿದರೆ ಲೆಕ್ಕ ಸರಿ. ಈಗ ದಾರ ಕಂಡಲ್ಲಿ ತೆರಪು, ಕಾಣದಲ್ಲಿ ಕಂಬ. ರೈಲಿನಲ್ಲೋ ಹೊಲದ ಬೆಂಚಿನ ಮೇಲೋ ಕೂತು ಎಣಿಸುವ ಕಷ್ಟವೇ ಇಲ್ಲ.

ಕಮಾನಿನ ಹೊಲಿಗೆ ಹೀಗೆ. ಎಡತುದಿಯ ಅರ್ಧ ಕಂಬದ ಬುಡದಲ್ಲಿ ಬಲಕ್ಕೆ 1 ಮನೆ. ಅಲ್ಲಿಂದ ಮೇಲೆ 6, ಬಲಕ್ಕೆ ಓರೆಯಾಗಿ ಏರುತ್ತ 1, ಅಡ್ಡ 3, ಓರೆಯಾಗಿ ಇಳಿಯುತ್ತ 1, ಕೆಳಗೆ 6, ಕಂಬದ ಬುಡಕ್ಕೆ ಅಡ್ಡ 2. ಕಂಬ ಸೇರಿ ಕಮಾನಿಗೆ 19 ಹೊಲಿಗೆ. ನಾಲ್ಕನೇ ಕಮಾನಿನ ಬಲಗಾಲು ಬುಡ ಮುಟ್ಟಿದಾಗ 75 ಮನೆ ಆಗಿರುತ್ತದೆ, ಅಲ್ಲೇ ತಿರುಗಿ. ಇದಕ್ಕೆ ಕಾರಣ ದಾರದ ಉದ್ದ. 14 ಕೌಂಟಿನಲ್ಲಿ ಒಂದು ಮನೆ 1.8 ಮಿ.ಮೀ., ಗವಂತಿಯಲ್ಲಿ ದಾರ ಎರಡು ಸಲ ಓಡುವುದರಿಂದ 3.6 ಮಿ.ಮೀ., ಬಟ್ಟೆಯ ದಪ್ಪ ದಾಟಲು ಐದರಲ್ಲೊಂದು ಪಾಲು ಸೇರಿಸಿದರೆ 4.3 ಮಿ.ಮೀ. 45 ಸೆಂ.ಮೀ. ದಾರದಲ್ಲಿ ಶುರು ಮತ್ತು ಕೊನೆಯ ಬಾಲಕ್ಕೆ 10 ಸೆಂ.ಮೀ. ಕಳೆದರೆ ಉಳಿಯುವ 35ರಲ್ಲಿ 80 ಮನೆ ಪೂರ್ತಿ ಆಗುತ್ತದೆ. ನಾಲ್ಕು ಕಮಾನು ಅದರೊಳಗೆ ಬರುತ್ತದೆ. ಬೇರೆ ಯಾವ ವಿನ್ಯಾಸಕ್ಕಾದರೂ ಸೂತ್ರ ಒಂದೇ: ದಾರ ಅರ್ಧ ಮುಗಿದಲ್ಲಿ ತಿರುಗಬೇಕು. ಇನ್ನೂ ನಾಲ್ಕು ಮನೆ ಹೋಗೋಣ ಅಂತ ಆಸೆಪಟ್ಟರೆ ಬರುವ ದಾರಿಯಲ್ಲಿ ದಾರ ಸಾಲದೆ ಹೊಸದು ಜೋಡಿಸಬೇಕು, ಹಿಂಬದಿಯಲ್ಲಿ ಅನಗತ್ಯ ಬಾಲ ಬರುತ್ತದೆ.

ಆರಂಭಕ್ಕೆ ಗಂಟು ಬೇಡ. 8 ಸೆಂ.ಮೀ. ಬಾಲ ಹಿಂದೆ ಬಿಟ್ಟು ಹೊರಡಿ. ವಾಪಸ್ ಬಂದ ಮೇಲೆ ಆ ಬಾಲವನ್ನೂ ಕೊನೆಯ ಬಾಲವನ್ನೂ ಹಿಂಬದಿಯ ನಾಲ್ಕೈದು ಹೊಲಿಗೆಗೆ ಸುತ್ತಿ ಕತ್ತರಿಸಿ. ಬರುವ ಸಾಲಿನಲ್ಲಿ ಸೂಜಿ ಹಳೆಯ ಹೊಲಿಗೆಯ ಒಂದು ಪಕ್ಕದಿಂದ ಮೇಲೆ ಬಂದರೆ ಇನ್ನೊಂದು ಪಕ್ಕದಿಂದ ಕೆಳಗಿಳಿಯಲಿ. ಕಮಾನಿನ ಉದ್ದಕ್ಕೂ ಇದೇ ಕ್ರಮ ಹಿಡಿದರೆ ಗೆರೆ ನೇರ ಬರುತ್ತದೆ. ಕೆಲವೆಡೆ ಹೀಗೆ, ಕೆಲವೆಡೆ ಹಾಗೆ ಮಾಡಿದರೆ ಗೆರೆ ಗರಗಸದ ಹಲ್ಲಿನ ಹಾಗೆ ಅಂಕುಡೊಂಕಾಗುತ್ತದೆ. ಸೂಜಿ ಹಳೆಯ ದಾರವನ್ನು ಸೀಳಿದರೂ ಹೀಗೇ ಆಗುತ್ತದೆ. ಅದಕ್ಕೇ ಮೊಂಡು ತುದಿಯ ಟ್ಯಾಪೆಸ್ಟ್ರಿ ಸೂಜಿ, 24ನೇ ನಂಬರು.

ತಪ್ಪು ಹಿಡಿಯಲು ಒಂದು ಸುಲಭದ ಗುರುತಿದೆ. ಕಮಾನಿಗೆ 19 ಹೊಲಿಗೆ, ಬೆಸ ಸಂಖ್ಯೆ. ಹಾಗಾಗಿ ಹೋಗುವ ಸಾಲಿನಲ್ಲಿ ಮೊದಲ ಕಮಾನಿನ ಎಡಗಾಲಿನ ತಳದ ಹೊಲಿಗೆ ಹಿಂಬದಿಗೆ ಬಿದ್ದಿದ್ದರೆ, ಎರಡನೆಯದರದು ಮುಂಬದಿಗೆ, ಮೂರನೆಯದರದು ಹಿಂಬದಿಗೆ ಬೀಳಬೇಕು. ಅಕ್ಕಪಕ್ಕದ ಎರಡು ಕಮಾನು ಒಂದೇ ಥರ ಶುರುವಾಗಿದ್ದರೆ ನಡುವೆ ಒಂದು ಮನೆ ಹೆಚ್ಚುಕಡಿಮೆ ಆಗಿದೆ. ಎದ್ದು ಹೋಗುವ ಮೊದಲು ಇದೊಂದನ್ನು ನೋಡಿಕೊಂಡರೆ ಸಾಕು. ತಪ್ಪು ಕಂಡರೆ ಸೂಜಿಯಿಂದ ದಾರ ತೆಗೆದು, ಸೂಜಿಯ ಕಣ್ಣಿನ ಕಡೆಯಿಂದ ಒಂದೊಂದೇ ಹೊಲಿಗೆ ಎತ್ತಿ ಬಿಚ್ಚಿ. ಹೊಲಿಗೆ ಇಪ್ಪತ್ತು ದಾಟಿದ್ದರೆ ನಡುವೆ ಕತ್ತರಿಸಿ ಎರಡೂ ಕಡೆ ಎಳೆಯುವುದು ಮೇಲು. ಬಿಚ್ಚಿದ ದಾರ ಮತ್ತೆ ಬಳಸಬೇಡಿ, ಜುಂಜು ಎದ್ದು ಹೊಳಪು ಹೋಗಿರುತ್ತದೆ.

ಕಮಾನಿನ ತುದಿಯಿಂದ 2 ಮನೆ ಮೇಲೆ ರೈಲು ಹಾದಿಯ ಒಂದು ಅಡ್ಡ ಗೆರೆ ಎಳೆದರೆ ಸೇತುವೆ 9 ಮನೆ ಎತ್ತರದಲ್ಲಿ ಮುಗಿಯುತ್ತದೆ. ಅದರ ಮೇಲೆ ಉಳಿದ 19 ಮನೆಯಲ್ಲಿ ಪಾಲಿಗೊಂದು ಚಿತ್ರ, ಎತ್ತರ 16 ಮೀರದಿರಲಿ.

ಮೊದಲ ಪಾಲಿಗೆ ಪೆನ್-ಇ-ಗೆಂಟ್ ಬೆಟ್ಟ. ಅದರ ಒಂದು ಬದಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ, ಮೆಟ್ಟಿಲಿನ ಹಾಗೆ ಸಾಗುವ ನಮ್ಮ ಮುರಗಿ ಹೊಲಿಗೆಗೆ ಹೇಳಿ ಮಾಡಿಸಿದ ಆಕಾರ. ಉತ್ತರಕ್ಕೆ ಹೋಗುವಾಗ ಹಾರ್ಟನ್ ನಿಲ್ದಾಣದ ಹತ್ತಿರ ಬಲಗಡೆ ಕಿಟಕಿಯಲ್ಲಿ ಕಾಣುತ್ತದೆ. ರಿಬಲ್‌ಹೆಡ್ ಸೇತುವೆಯಂತೂ ಅದರ ಮೇಲೆಯೇ ಹೋಗುವಾಗ ಕಾಣುವುದಿಲ್ಲ. ಕಮಾನು ನೋಡಬೇಕೆಂದರೆ ರಿಬಲ್‌ಹೆಡ್ ನಿಲ್ದಾಣದಲ್ಲಿ ಇಳಿದು ನಡೆಯಬೇಕು.

ಎರಡನೆಯದು ಸುಣ್ಣಗಾರೆಯಿಲ್ಲದ ಕಲ್ಲುಗೋಡೆ. ಡೇಲ್ಸ್‌ನ ಹೊಲಗಳ ಗಡಿಯೆಲ್ಲ ಇದೇ. ಕಲ್ಲಿಗೆ ಕಲ್ಲು ಹೊಂದಿಸಿ ಕಟ್ಟಿ, ನೆತ್ತಿಯ ಮೇಲೆ ಕಲ್ಲುಗಳನ್ನು ಪುಸ್ತಕ ನಿಲ್ಲಿಸಿದ ಹಾಗೆ ಸಾಲಾಗಿ ನಿಲ್ಲಿಸಿರುತ್ತಾರೆ. ಹೊಲಿಗೆಯಲ್ಲಿ ಇದು ಕವಲಿನ ಪಾಠ. ಪ್ರತಿ ಅಡ್ಡ ಗೆರೆಯಿಂದ 2 ಮನೆಯ ಸಣ್ಣ ಕವಲು ಏಳುತ್ತದೆ. ಹೋಗುವ ಸಾಲಿನಲ್ಲಿ ಕವಲು ಸಿಕ್ಕಿದ ಕೂಡಲೇ ಅದರೊಳಗೆ ಹೋಗಿ, ಅಲ್ಲೇ ತಿರುಗಿ, ಅದನ್ನು ಪೂರ್ತಿ ಮುಗಿಸಿಯೇ ಮುಖ್ಯ ಗೆರೆಗೆ ಬನ್ನಿ. ಬರುವಾಗ ನೋಡಿಕೊಳ್ಳೋಣ ಅಂತ ಒಂದು ಕವಲು ಬಿಟ್ಟರೂ ಆಮೇಲೆ ರೈಲಿನಲ್ಲಿ ಚಾರ್ಟು ಬಿಚ್ಚಿ ಹುಡುಕಬೇಕಾಗುತ್ತದೆ. ಹಿಂದಿನ ಸಲ ನಿಮ್ಮ ಲೆಕ್ಕ ತಪ್ಪಿದ್ದೂ ಬಹುಶಃ ಇಂಥದೊಂದು ಕವಲಿನಲ್ಲಿಯೇ.

ಮೂರನೆಯದು ಸ್ವೇಲ್‌ಡೇಲ್ ಕುರಿ: ಕಪ್ಪು ಮುಖ, ಬಿಳಿ ಮೂತಿ, ಗಂಡಿಗೂ ಹೆಣ್ಣಿಗೂ ಸುರುಳಿ ಕೊಂಬು. ಡೇಲ್ಸ್ ರಾಷ್ಟ್ರೀಯ ಉದ್ಯಾನದ ಲಾಂಛನದಲ್ಲಿರುವುದೂ ಇದರ ಟಗರಿನ ತಲೆಯೇ. ಮೈಯನ್ನು ಗವಂತಿಯ ಗೆರೆಯಲ್ಲಿ ಬಿಟ್ಟು ಮುಖಕ್ಕೆ ಮಾತ್ರ ಮೆಂತಿ ತುಂಬಿ. ನಾಲ್ಕನೆಯದಕ್ಕೆ ಹೊಸ ಚಿತ್ರ ಬೇಡ. ನಿಮಗೆ ಬಾಯಿಪಾಠವಿರುವ ತುಳಸಿಕಟ್ಟೆಯನ್ನೋ ಗೋಪುರವನ್ನೋ ಹಾಕಿ. ನಡೆದು ದಣಿದ ದಿನ ಚಾರ್ಟು ನೋಡದೆ ಕೈ ಓಡುವ ಕೆಲಸ ಒಂದಿರಬೇಕು. ನೇಯ್ಗೆಯಂತೆ ಕಾಣುವ ನೇಗಿ ಹೊಲಿಗೆಯನ್ನು ಮಾತ್ರ ಈ ಪಟ್ಟಿಯಲ್ಲಿ ಸೇರಿಸಲೇಬೇಡಿ. ಅದರಲ್ಲಿ ಬರುವ ಸಾಲೇ ಇಲ್ಲ, ಪ್ರತಿ ಸಾಲೂ ಹೊಸ ಎಣಿಕೆ. ಉದ್ದುದ್ದ ಎಳೆಗಳು ಚೀಲದ ಜಿಪ್ಪಿಗೂ ಬಳೆಗೂ ಸಿಕ್ಕಿ ಹಿಂಜುತ್ತವೆ.

ಒಂದು ಪಾಲಿಗೆ ಕಮಾನು, ಹಾದಿ, ಚಿತ್ರ ಎಲ್ಲ ಸೇರಿ ಸುಮಾರು 400 ಹೊಲಿಗೆ, ನಾಲ್ಕರಿಂದ ಐದು ಗಂಟೆಯ ಕೆಲಸ. ನಾಲ್ಕು ಪಾಲಿಗೆ ಹದಿನಾರರಿಂದ ಇಪ್ಪತ್ತು ಗಂಟೆ. ಮೂರು ಪಾಲು ಮುಗಿಸಿ ಬಂದರೂ ಚೆನ್ನಾಗಿ ಸಾಗಿತು ಅಂತಲೇ ಲೆಕ್ಕ.

ದಾರವನ್ನು ಊರಿನಲ್ಲೇ ಕತ್ತರಿಸಿಟ್ಟುಕೊಳ್ಳಿ, ಆಗ ವಿಮಾನದಲ್ಲಿ ಕತ್ತರಿಯ ಪ್ರಶ್ನೆಯೇ ಏಳುವುದಿಲ್ಲ. ಆರೆಳೆಯ ಕಾಟನ್ ದಾರದಿಂದ ಒಂದೆಳೆ ಬಿಡಿಸಿ 90 ಸೆಂ.ಮೀ. ಕತ್ತರಿಸಿ, ಸೂಜಿಗೆ ಪೋಣಿಸಿ ಮಡಿಸಿದರೆ ಎರಡೆಳೆಯ 45 ಸೆಂ.ಮೀ. ಆಗುತ್ತದೆ. ಪಾಲಿಗೆ ಇಂಥ 5 ತುಂಡು ಸಾಕು, ಬಿಚ್ಚುವುದಕ್ಕೆ ಸೇರಿಸಿ 8. ಒಟ್ಟು 32 ತುಂಡಿಗೆ 29 ಮೀಟರ್ ಒಂಟಿ ಎಳೆ ಬೇಕು. 8 ಮೀಟರಿನ ಒಂದು ಲಡಿಯಲ್ಲಿ 48 ಮೀಟರ್ ಒಂಟಿ ಎಳೆ ಇರುತ್ತದೆ. ಅಂದರೆ ಎಷ್ಟೇ ಬಣ್ಣವಿದ್ದರೂ ಬಣ್ಣಕ್ಕೊಂದು ಲಡಿ ಸಾಕು. ದಪ್ಪ ರಟ್ಟಿನ ಅಂಚಿಗೆ ತೂತು ಕೊರೆದು ಬಣ್ಣವಾರು ಕಟ್ಟಿ, ಪಕ್ಕದಲ್ಲಿ ಕಂಪನಿಯ ನಂಬರು ಬರೆಯಿರಿ. ಅಲ್ಲಿ ಏನಾದರೂ ಕೊರತೆ ಬಿದ್ದರೆ ಡಿಎಂಸಿ ಕಂಪನಿಯ ದಾರ ಸುಲಭವಾಗಿ ಸಿಗುತ್ತದೆ. ನಮ್ಮಲ್ಲಿ ಹೆಚ್ಚು ಬಳಕೆಯ ಆ್ಯಂಕರ್ ಕಂಪನಿಯ ನಂಬರು ಅದಕ್ಕೆ ಹೊಂದುವುದಿಲ್ಲ. ಆ್ಯಂಕರ್ 403ರ ಕಪ್ಪು ಡಿಎಂಸಿಯಲ್ಲಿ 310, ಆ್ಯಂಕರ್ 46ರ ಕೆಂಪಿಗೆ ಹತ್ತಿರದ್ದು 666. ಕಪ್ಪು ಬಿಟ್ಟರೆ ಉಳಿದ ಬಣ್ಣಗಳನ್ನು ಒಂದೇ ಪಾಲಿನೊಳಗೆ ಬೆರೆಸಬೇಡಿ, ಛಾಯೆಯ ವ್ಯತ್ಯಾಸ ಹಗಲಿನಲ್ಲಿ ಎದ್ದು ಕಾಣುತ್ತದೆ. ಸಣ್ಣ ಊರುಗಳಲ್ಲಿ ಅಂಗಡಿಗಳು ಸಂಜೆ ಐದಕ್ಕೇ ಮುಚ್ಚುವುದು ಸಾಮಾನ್ಯ, ಭಾನುವಾರ ಎಷ್ಟೋ ಕಡೆ ತೆರೆಯುವುದೇ ಇಲ್ಲ.

ಅಂಗಡಿಯಲ್ಲಿ ಗವಂತಿ ಅಂದರೆ ಯಾರಿಗೂ ತಿಳಿಯದು. ಹೋಲ್ಬೈನ್ ಸ್ಟಿಚ್ ಅನ್ನಿ, ಅಥವಾ ಡಬಲ್ ರನ್ನಿಂಗ್ ಅನ್ನಿ. ಅವರದೂ ಇದೇ ಹೊಲಿಗೆ. ಹಿಂದೆ ಬಿಳಿ ಲಿನನ್ ಮೇಲೆ ಕಪ್ಪು ದಾರದಲ್ಲಿ ಕೊರಳಪಟ್ಟಿ, ಮುಂಗೈಪಟ್ಟಿಗೆ ಹಾಕುತ್ತಿದ್ದರು, ಎರಡೂ ಬದಿ ಕಾಣುವ ಜಾಗವಾದ್ದರಿಂದ ಹಿಂದುಮುಂದು ಒಂದೇ ಥರ ಇರಬೇಕಿತ್ತು. ಚಿತ್ರಕಾರ ಹ್ಯಾನ್ಸ್ ಹೋಲ್ಬೈನ್ 1536ರ ಸುಮಾರಿಗೆ ಬರೆದ, ಇಂಗ್ಲೆಂಡಿನ ಜೇನ್ ಸೀಮೋರ್ ರಾಣಿಯ ಚಿತ್ರದಲ್ಲಿ ಮುಂಗೈಪಟ್ಟಿಯ ಮೇಲೆ ಈ ಕೆಲಸ ಸ್ಪಷ್ಟವಾಗಿದೆ. ಹೊಲಿಗೆಗೆ ಆ ಹೆಸರು ಬಂದದ್ದು ಹಾಗೆ.

ಸೂಜಿ, ಕತ್ತರಿಯ ವಿಷಯ. ಬ್ರಿಟನ್‌ನ ವಿಮಾನ ನಿಲ್ದಾಣಗಳ ನಿಯಮದಲ್ಲಿ ಹೊಲಿಗೆ ಸೂಜಿಯನ್ನು ಕೈಚೀಲದಲ್ಲಿ ಒಯ್ಯಬಹುದು, ಅಲಗು 6 ಸೆಂ.ಮೀ. ಮೀರದ ಕತ್ತರಿಯನ್ನೂ ಒಯ್ಯಬಹುದು. ಆದರೆ ನೀವು ಹೊರಡುವುದು ನಮ್ಮ ನಿಲ್ದಾಣದಿಂದ. ಇಲ್ಲಿ ಕತ್ತರಿಯನ್ನು ಕೈಚೀಲದಲ್ಲಿ ಕಂಡರೆ ತೆಗೆಸುವುದೇ ಹೆಚ್ಚು. ನಡುವೆ ದುಬೈನಲ್ಲೋ ದೋಹಾದಲ್ಲೋ ವಿಮಾನ ಬದಲಿಸಿದರೆ ಅಲ್ಲಿ ಮತ್ತೊಮ್ಮೆ ತಪಾಸಣೆ, ಅಲ್ಲಿಯ ನಿಯಮ. ಒಳ್ಳೆಯ ಕತ್ತರಿ ಕಳೆದುಕೊಳ್ಳುವ ಬದಲು ಅದನ್ನು ದೊಡ್ಡ ಪೆಟ್ಟಿಗೆಗೆ ಹಾಕಿಬಿಡಿ. ಕೊರಳಿಗೆ ನೇತುಹಾಕುವ ದುಂಡನೆ ದಾರ ಕಟರ್‌ನ ಒಳಗೂ ಬ್ಲೇಡು ಇರುತ್ತದೆ, ಅದೂ ಪೆಟ್ಟಿಗೆಗೇ. ಸೂಜಿ ಆರು ಇರಲಿ: ನಾಲ್ಕು ಪೆಟ್ಟಿಗೆಯಲ್ಲಿ, ಎರಡು ಕೈಚೀಲದಲ್ಲಿ ಫೆಲ್ಟ್ ತುಂಡಿಗೆ ಚುಚ್ಚಿ. ಆ ಎರಡನ್ನು ತೆಗೆಸಿದರೂ ನಷ್ಟವಿಲ್ಲ. ವಿಮಾನದ ಸೀಟಿನಲ್ಲಿ ಬಿದ್ದ ಸೂಜಿ ಸಿಗುವುದು ಅಪರೂಪ, ಪಕ್ಕದವರ ಕಾಲಿಗೂ ಅಪಾಯ. ಅದಕ್ಕೇ ಒಂದು ಸಣ್ಣ ಅಯಸ್ಕಾಂತ ಬಟ್ಟೆಯ ಅಂಚಿನಲ್ಲಿರಲಿ. ಅದೇ ಅಯಸ್ಕಾಂತವನ್ನು ಹೋಟೆಲಿನ ಕೀ ಕಾರ್ಡಿನ ಜತೆ ಇಟ್ಟರೆ ಕಾರ್ಡು ಕೆಟ್ಟು ಕೋಣೆಯ ಹೊರಗೆ ನಿಲ್ಲಬೇಕಾದೀತು.

ಎಂಬ್ರಾಯ್ಡರಿ ರಿಂಗ್ ಒಯ್ಯಬೇಡಿ. ಐಡಾ ತಾನೇ ಗಟ್ಟಿಯಾಗಿರುತ್ತದೆ, ಗವಂತಿಗೆ ಕೈಯಲ್ಲಿ ಹಿಡಿಯುವುದೇ ಸರಾಗ. ಬಟ್ಟೆಯನ್ನು ಮಡಿಸದೆ, ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಯ ರಟ್ಟಿನ ಕೊಳವೆಗೆ ಹೊಲಿಗೆ ಹೊರಗೆ ಕಾಣುವಂತೆ ಸುತ್ತಿ, ಮೇಲೊಂದು ಬಿಳಿ ಪಂಚೆಯ ತುಂಡು ಕಟ್ಟಿ.

ಲೀಡ್ಸ್‌ನಿಂದ ಕಾರ್ಲೈಲ್‌ವರೆಗೆ ರೈಲಿನಲ್ಲಿ ಎರಡೂವರೆ ಗಂಟೆಗೂ ಮೇಲೆ ಹಿಡಿಯುತ್ತದೆ. ಬರುವ ಸಾಲು ಮೂರೂ ಅದರಲ್ಲಿ ಮುಗಿದು ಕಿಟಕಿಗೂ ಸಮಯ ಉಳಿಯುತ್ತದೆ. ರಿಬಲ್‌ಹೆಡ್ ದಾಟುತ್ತಲೇ ಬ್ಲೀ ಮೂರ್ ಸುರಂಗ, 2.4 ಕಿ.ಮೀ. ಬೆಳಕು ತಟ್ಟನೆ ಬದಲಾಗುವುದರಿಂದ ಅಲ್ಲಿ ಸೂಜಿ ಕೆಳಗಿಡಿ. ಹಳ್ಳಿ ಬಸ್ಸಿನಲ್ಲಿ ಮಾತ್ರ ಹೊಲಿಗೆ ಬೇಡವೇ ಬೇಡ. ಕಲ್ಲುಗೋಡೆಗಳ ನಡುವಿನ ಇಕ್ಕಟ್ಟು ದಾರಿ, ಮೇಲೆ ಕೆಳಗೆ ತಿರುವು. ತಲೆ ಬಗ್ಗಿಸಿ ಹತ್ತು ನಿಮಿಷ ಕೂತರೆ ಹೊಟ್ಟೆ ತೊಳಸುತ್ತದೆ. ಜೂನ್‌ನಲ್ಲಿ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತೂವರೆಯ ಮೇಲೆ. ಹಾಗಾಗಿ ಬೆಳಿಗ್ಗೆ ಸಮಯ ಸಿಗದಿದ್ದರೂ ಸಂಜೆಯ ಊಟದ ನಂತರ ಕಿಟಕಿಯ ಬೆಳಕಿನಲ್ಲಿಯೇ ಎಣಿಕೆಯ ಸಾಲು ಹಾಕಬಹುದು. ದೀಪ ಒಯ್ಯುವುದಾದರೆ ವೋಲ್ಟೇಜ್ ನಮ್ಮದೇ 230, ಪ್ಲಗ್ಗಿನ ಆಕಾರಕ್ಕೆ ಅಡಾಪ್ಟರ್ ಒಂದಿದ್ದರೆ ಸಾಕು.

ತಿರುವಿನಲ್ಲಿ ನಿಲ್ಲಿಸಿದ ಸೂಜಿಯನ್ನು ವಿನ್ಯಾಸದ ಒಳಗೆ ಚುಚ್ಚಿಡಬೇಡಿ. ದಾರ ಸಡಿಲ ಬಿಟ್ಟು ಹೊರಗಿನ 3 ಇಂಚಿನ ಅಂಚಿಗೆ ಚುಚ್ಚಿ. ಆ ಹವೆಯಲ್ಲಿ ತೇವ ಹೆಚ್ಚು. ಲೇಕ್ ಡಿಸ್ಟ್ರಿಕ್ಟ್‌ನ ಸೀತ್‌ವೇಟ್ ಎಂಬ ಹಳ್ಳಿ ಜನವಸತಿ ಇರುವ ಊರುಗಳಲ್ಲಿ ಇಂಗ್ಲೆಂಡಿಗೇ ಹೆಚ್ಚು ಮಳೆ ಬೀಳುವ ಜಾಗ. ನಿಕ್ಕೆಲ್ ಲೇಪ ಸವೆದ ಸೂಜಿ ಒಂದೆರಡು ರಾತ್ರಿಯಲ್ಲೇ ತುಕ್ಕಿನ ಚುಕ್ಕೆ ಬಿಡುತ್ತದೆ, ಅದು ಪೂರ್ತಿ ಹೋಗುವುದಿಲ್ಲ. ಅಂಚಿನಲ್ಲಾದರೆ ಕೊನೆಗೆ ಕತ್ತರಿಸಿ ಹೋಗುತ್ತದೆ. ಯಾವ ಸೂಜಿ ಯಾವ ತಿರುವಿನದು ಎಂಬುದನ್ನು ಚಾರ್ಟಿನ ಮೇಲೆ ಪೆನ್ಸಿಲ್ಲಿನಲ್ಲಿ ಬಾಣ ಹಾಕಿ ಗುರುತಿಸಿ. ರಾತ್ರಿ ಮುಂಬದಿ, ಹಿಂಬದಿ ಎರಡರದೂ ಫೋಟೋ ತೆಗೆದಿಡಿ. ಎಷ್ಟು ಸಾಗಿತೆಂದು ಗೊತ್ತಾಗುತ್ತದೆ, ಬಿಟ್ಟುಹೋದ ಕವಲು ಹಿಂಬದಿಯ ಫೋಟೋದಲ್ಲಿ ತಟ್ಟನೆ ಕಣ್ಣಿಗೆ ಬೀಳುತ್ತದೆ.

ಮಳೆಗೆ ಪ್ಲಾಸ್ಟಿಕ್ ಜಿಪ್ ಚೀಲ ಸರಿ. ಒದ್ದೆಯಾದ ಬಟ್ಟೆಯನ್ನು ಅದರೊಳಗೆ ಮುಚ್ಚಿ ರಾತ್ರಿ ಕಳೆಯಬೇಡಿ, ಬೂಷ್ಟು ಹಿಡಿಯುತ್ತದೆ. ಕೆಂಪು ದಾರ ಬಣ್ಣ ಬಿಡುತ್ತದೆಯೇ ಎಂದು ಹೊರಡುವ ಮೊದಲೇ ಒದ್ದೆ ಬಿಳಿ ಬಟ್ಟೆಯಲ್ಲಿ ಒತ್ತಿ ನೋಡಿ, ಗುರುತು ಬಿದ್ದರೆ ಆ ದಾರ ಮನೆಯಲ್ಲಿರಲಿ. ಅಕಸ್ಮಾತ್ ನೆನೆದು ಬಣ್ಣ ಹರಡಿದರೆ ಒಣಗಲು ಬಿಡಬಾರದು, ಒಣಗಿದ ಕಲೆ ಗಟ್ಟಿಯಾಗುತ್ತದೆ. ತಕ್ಷಣ ತಣ್ಣೀರಿನಲ್ಲಿ ಮುಳುಗಿಸಿ, ನೀರು ತಿಳಿಯಾಗುವವರೆಗೆ ಬದಲಿಸುತ್ತ ಹೋಗಿ, ಹಿಂಡದೆ ಟವೆಲಿನ ಮೇಲೆ ಹರಡಿ. ಸನ್‌ಸ್ಕ್ರೀನ್ ಹಚ್ಚಿದ ಕೈಯಲ್ಲಿ ತಿಳಿ ಐಡಾ ಮುಟ್ಟಿದರೆ ಎಣ್ಣೆಯ ಕಲೆ ಆಮೇಲೆ ಹಳದಿಗೆ ತಿರುಗುತ್ತದೆ, ಕೈ ತೊಳೆದೇ ಕೂರಿ.

ಲೇಕ್ ಡಿಸ್ಟ್ರಿಕ್ಟ್‌ಗೆ ಹೋಗುವ ದಾರಿಯಲ್ಲಿ ಕೆಂಡಲ್ ಊರು ಸಿಗುತ್ತದೆ. ಅಲ್ಲಿ ಕ್ವೇಕರ್ ಎಂಬ ಕ್ರೈಸ್ತ ಪಂಗಡದ ‘ಕ್ವೇಕರ್ ಟ್ಯಾಪೆಸ್ಟ್ರಿ’ ಎಂಬ ಸಂಗ್ರಹವಿದೆ. ಹೆಸರು ಟ್ಯಾಪೆಸ್ಟ್ರಿಯಾದರೂ ನೇಯ್ಗೆಯಲ್ಲ, ಉಣ್ಣೆ ಬಟ್ಟೆಯ ಮೇಲೆ ಉಣ್ಣೆ ದಾರದ ಕಸೂತಿ: 77 ಫಲಕ, 15 ದೇಶಗಳ ನಾಲ್ಕು ಸಾವಿರಕ್ಕೂ ಹೆಚ್ಚು ಜನರ ಕೈಕೆಲಸ, 1981ರಿಂದ 1996ರವರೆಗೆ ನಡೆದದ್ದು. ಅಕ್ಷರಗಳ ಅಂಚು ಗಮನವಿಟ್ಟು ನೋಡಿ, ಈ ಕೆಲಸಕ್ಕೆಂದೇ ರೂಪಿಸಿದ ಒಂದು ಹೊಲಿಗೆ ಅಲ್ಲಿದೆ. ಹೊರಡುವ ಮುನ್ನ ತೆರೆದಿರುವ ದಿನ ವಿಚಾರಿಸಿಕೊಳ್ಳಿ.

ಊರಿಗೆ ಬಂದ ಮೇಲೆ ಮೊದಲು ಕಚ್ಚಾ ಹೊಲಿಗೆ ತೆಗೆಯಿರಿ. ಒಂದೇ ಎಳೆತಕ್ಕೆ ಎಳೆಯದೆ ನಾಲ್ಕೈದು ಇಂಚಿಗೊಮ್ಮೆ ಕತ್ತರಿಸಿ ತೆಗೆದರೆ ಗವಂತಿಯ ಗೆರೆ ಜಗ್ಗುವುದಿಲ್ಲ. ಆಮೇಲೆ ತಣ್ಣೀರಿನಲ್ಲಿ ಒಗೆದು, ಅರೆತೇವ ಇರುವಾಗಲೇ ದಪ್ಪ ಟವೆಲಿನ ಮೇಲೆ ಮುಖ ಕೆಳಗೆ ಮಾಡಿ ಇಸ್ತ್ರಿ ಹಾಕಿ. ನಾಲ್ಕನೇ ಪಾಲು ಬಾಕಿ ಉಳಿದಿದ್ದರೆ ಅದು ಮುಗಿಯುವವರೆಗೆ ಕಚ್ಚಾ ಹೊಲಿಗೆಯನ್ನು ಮುಟ್ಟಬೇಡಿ.